‘ಮಾರಿದ ಮಾಲು ವಾಪಸಿಲ್ಲ’ ಎಂಬ ಮುದ್ರೆ ಎಲ್ಲಿವರೆಗೆ ನಡೆಯುತ್ತದೆ?

ಪ್ರಶ್ನೆ: ಮಗಳು ಕೀಬೋರ್ಡ್ ಕಲಿಯುತ್ತಿದ್ದಾಳೆ. ಅವಳ ಅಭ್ಯಾಸಕ್ಕೆ ಎಂದು ಹೇಳಿಯೇ 9 ದಿನಗಳ ಹಿಂದೆ ಮಂಗಳೂರಿನ ಅಂಗಡಿಯೊಂದರಲ್ಲಿ 14,500 ರೂಪಾಯಿಯ ಪವರ್ಡ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರುವಂಥದ್ದು), 4,200 ರೂಪಾಯಿಯ ಬ್ಲೂಟೂತ್ ಹೆಡ್‌ಫೋನ್ ಮತ್ತು ಕೀಬೋರ್ಡಿನ ಶಬ್ದವನ್ನು ಅದಕ್ಕೆ ಕಳಿಸುವ ಒಂದು ಚಿಕ್ಕ ಟ್ರಾನ್ಸ್‌ಮಿಟರ್ ಕೊಂಡೆವು. ಸ್ಪೀಕರ್ ಹಾಕಿದ ಕೂಡಲೇ ಗುಂಯ್ ಎನ್ನುತ್ತದೆ. ಕೆಳಗಿನ ಸ್ವರ ನುಡಿಸಿದರೆ ಜರ್ರ್ ಎಂದು ಅದುರುತ್ತದೆ. ಫೋನಿನಿಂದ ಭಜನೆ ಹಾಕಿದರೆ ವಾದ್ಯಗಳು ಕೇಳುತ್ತವೆ, ಹಾಡುವವರ ಧ್ವನಿ ಮಾತ್ರ ಬಾವಿಯೊಳಗಿಂದ ಬಂದಂತಿರುತ್ತದೆ. ಹೆಡ್‌ಫೋನಿನಲ್ಲಿ ಕೀ ಒತ್ತಿದ ಮೇಲೆ ಸ್ವರ ತಡವಾಗಿ ಬರುತ್ತದೆ. ಅಂಗಡಿಯವರು ಬಿಲ್ಲಿನ ಮೇಲಿನ ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬ ಮುದ್ರೆ ತೋರಿಸಿ, ಸರ್ವಿಸ್ ಸೆಂಟರಿಗೆ ಹೋಗಿ ಎನ್ನುತ್ತಾರೆ. ಬಹಳ ಒತ್ತಾಯಿಸಿದರೆ ಬೇರೆ ಸಾಮಾನು ಕೊಳ್ಳಲು ಕ್ರೆಡಿಟ್ ನೋಟ್ ಕೊಡುತ್ತಾರಂತೆ. ರಟ್ಟಿನ ಪೆಟ್ಟಿಗೆ ಎಸೆದಾಗಿದೆ. ಹಣ ವಾಪಸು ಸಿಗುತ್ತದೆಯೇ?
— ಓದುಗರು, ಬ್ರಹ್ಮಾವರ

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ದೂರುಗಳಿವೆ, ನಾಲ್ಕೂ ಒಂದೇ ಜಾತಿಯವಲ್ಲ. ಒಂದು ಕೇಬಲಿನ ತಪ್ಪು. ಒಂದು ನಿಮ್ಮ ಮನೆಯ ವೈರಿಂಗಿನದ್ದೂ ಇರಬಹುದು. ಒಂದು ಬಹುಮಟ್ಟಿಗೆ ಸ್ಪೀಕರಿನದೇ ದೋಷ. ಮತ್ತೊಂದು ದೋಷವೇ ಅಲ್ಲ, ಆದರೂ ಹಣ ವಾಪಸು ಕೇಳಲು ಅದರಲ್ಲೂ ಒಳ್ಳೆಯ ಆಧಾರವಿದೆ. ನಾಲ್ಕನ್ನೂ ಒಟ್ಟು ಸೇರಿಸಿ ‘ಮಾಲು ಸರಿಯಿಲ್ಲ’ ಎಂದು ಕೊಂಡೊಯ್ದರೆ, ಸರ್ವಿಸ್ ಸೆಂಟರಿನವರು ಐದು ನಿಮಿಷದಲ್ಲಿ ಕೇಬಲಿನ ತಪ್ಪು ಹಿಡಿದು ಎಲ್ಲದಕ್ಕೂ ಸೇರಿಸಿ ‘ದೋಷ ಕಂಡುಬಂದಿಲ್ಲ’ ಎಂದು ಬರೆದುಬಿಡುತ್ತಾರೆ. ಆ ಒಂದು ಸಾಲು ಮುಂದೆ ಎಲ್ಲ ಕಡೆ ನಿಮಗೆ ಅಡ್ಡ ಬರುತ್ತದೆ. ಆದ್ದರಿಂದ ಮೊದಲು ದೂರುಗಳನ್ನು ಬೇರೆಬೇರೆ ಮಾಡಿಕೊಳ್ಳಬೇಕು.

ಅದಕ್ಕೂ ಮೊದಲು ಆ ಮುದ್ರೆಯ ವಿಷಯ. ಕೊಂಡ ವಸ್ತು ಚೆನ್ನಾಗಿಯೇ ಇದೆ, ಮನೆಗೆ ಬಂದ ಮೇಲೆ ಬಣ್ಣ ಹಿಡಿಸಲಿಲ್ಲ, ಬೇರೆ ಕಡೆ ಕಡಿಮೆಗೆ ಸಿಕ್ಕಿತು ಎಂಬ ಕಾರಣಕ್ಕೆ ವಾಪಸು ಕೊಡಲು ಹೋದರೆ ಮುದ್ರೆ ನಡೆಯುತ್ತದೆ. ಆ ಸಂದರ್ಭದಲ್ಲಿ ವಾಪಸು ತೆಗೆದುಕೊಳ್ಳುವುದು ಅಂಗಡಿಯವರ ಔದಾರ್ಯ, ಅವರು ಹಾಕುವ ಷರತ್ತು ನ್ಯಾಯವೇ. ಕಿವಿಯೊಳಗೆ ಇಡುವ ಇಯರ್‌ಫೋನ್, ಬಾಯಿಗಿಟ್ಟು ಊದುವ ಕೊಳಲು, ಪ್ಯಾಕೆಟ್ ಒಡೆದ ತಂತಿ, ಇವನ್ನು ಹಿಂದಕ್ಕೆ ಪಡೆಯದಿದ್ದರೆ ಅಂಗಡಿಯವರನ್ನು ದೂರುವಂತಿಲ್ಲ. ಆದರೆ ವಸ್ತುವಿನಲ್ಲಿ ದೋಷವಿದ್ದರೆ ಲೆಕ್ಕವೇ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮು ಅನುಚಿತ ವ್ಯಾಪಾರ ಪದ್ಧತಿಗಳನ್ನು ಹೆಸರಿಸುತ್ತದೆ. ದೋಷವಿರುವ ಸರಕನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅವುಗಳಲ್ಲೊಂದು. ಬಿಲ್ಲಿನಲ್ಲಿ ಅವಧಿ ನಮೂದಾಗಿದ್ದರೆ ಆ ಅವಧಿ, ಇಲ್ಲದಿದ್ದರೆ 30 ದಿನ. ‘ವಾಪಸಿಲ್ಲ’ ಎನ್ನುವ ಮುದ್ರೆ ಯಾವ ಅವಧಿಯನ್ನೂ ಹೇಳುವುದಿಲ್ಲ, ಹಾಗಾಗಿ 30 ದಿನ ಎಂದೇ ನೀವು ಹಿಡಿಯಬೇಕು. ಒಂಬತ್ತು ಕಳೆದಿವೆ, ಇನ್ನು ಇಪ್ಪತ್ತೊಂದಿವೆ. ಬಿಲ್ಲಿನಲ್ಲಿ ‘7 ದಿನ’ ಎಂದು ಬರೆದಿದ್ದು ಅದು ಮುಗಿದಿದ್ದರೂ ದಾರಿ ಮುಚ್ಚುವುದಿಲ್ಲ. ದೋಷಪೂರಿತ ಸರಕಿನ ಬಗ್ಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ 2 ವರ್ಷ ಕಾಲಾವಕಾಶವಿದೆ.

ಕ್ರೆಡಿಟ್ ನೋಟನ್ನು ನೀವು ಒಪ್ಪಲೇಬೇಕೆಂದಿಲ್ಲ. ಕಾಯ್ದೆ ಹೇಳುವುದು ಕೊಟ್ಟ ಹಣವನ್ನು ಮರಳಿಸುವ ಮಾತು, ಅದೇ ಅಂಗಡಿಯಲ್ಲಿ ಮತ್ತೊಂದು ಕೊಳ್ಳುವ ಮಾತಲ್ಲ. ‘ಬಿಲ್ ಆಗಿಹೋಗಿದೆ, ಜಿಎಸ್‌ಟಿ ಕಟ್ಟಿಯಾಗಿದೆ’ ಎಂಬುದೂ ಸಬೂಬೇ. ಮಾಲು ವಾಪಸಾದರೆ ವ್ಯಾಪಾರಿ ಜಿಎಸ್‌ಟಿ ಲೆಕ್ಕದಲ್ಲಿ ಬೇರೊಂದು ಬಗೆಯ ಕ್ರೆಡಿಟ್ ನೋಟ್ ಬರೆದು ಆ ತೆರಿಗೆಯನ್ನು ಹೊಂದಿಸಿಕೊಳ್ಳಲು ಕಾನೂನಿನಲ್ಲೇ ವ್ಯವಸ್ಥೆಯಿದೆ. ಪೆಟ್ಟಿಗೆ ಎಸೆದದ್ದರಿಂದಲೂ ಹಕ್ಕು ಹೋಗುವುದಿಲ್ಲ. ದೋಷ ಇರುವುದು ಸ್ಪೀಕರಿನಲ್ಲಿ, ರಟ್ಟಿನಲ್ಲಲ್ಲ. ಆದರೆ ಇನ್ನು ಮುಂದೆ ಯಾವುದೇ ಎಲೆಕ್ಟ್ರಾನಿಕ್ ಸಾಮಾನಿನ ಪೆಟ್ಟಿಗೆ, ಥರ್ಮಾಕೋಲ್, ಪ್ಲಾಸ್ಟಿಕ್ ಚೀಲ ಇವನ್ನು ಒಂದು ತಿಂಗಳು ಅಟ್ಟದಲ್ಲಿಡಿ. ಸಾಗಣೆಗೂ ಬೇಕಾಗುತ್ತದೆ, ಆಮದು ಮಾಡಿದವರ ವಿಳಾಸವೂ ಅದರ ಮೇಲೇ ಇರುತ್ತದೆ.

ಈಗ ಪರೀಕ್ಷೆ. ಸುಲಭದ್ದರಿಂದ ಶುರು ಮಾಡೋಣ: ಹಾಡುವವರ ಧ್ವನಿ ಮಾಯವಾಗುವುದು. ಫೋನಿನಿಂದ ಸ್ಪೀಕರಿಗೆ ನೀವು ಹಾಕಿದ ಕೇಬಲಿನ ದಪ್ಪ ಪಿನ್ನನ್ನು ನೋಡಿ. ಅದರ ಮೇಲೆ ಎರಡು ಕಪ್ಪು ಗೆರೆಗಳಿದ್ದರೆ ಅದು ಸ್ಟೀರಿಯೊ ಪಿನ್, ತುದಿಯಲ್ಲಿ ಎಡ ಚಾನೆಲ್, ನಡುವಿನ ಉಂಗುರದಲ್ಲಿ ಬಲ ಚಾನೆಲ್. ಪವರ್ಡ್ ಸ್ಪೀಕರಿನ ಆ ದೊಡ್ಡ ಸಾಕೆಟ್ ಸಾಮಾನ್ಯವಾಗಿ ಬ್ಯಾಲನ್ಸ್ಡ್ ಮೋನೊ (ಒಂದೇ ಚಾನೆಲಿನ) ಇನ್‌ಪುಟ್. ಅದು ತುದಿಯ ಸಿಗ್ನಲ್ಲಿನಿಂದ ಉಂಗುರದ ಸಿಗ್ನಲ್ಲನ್ನು ಕಳೆದು, ಉಳಿದದ್ದನ್ನು ನುಡಿಸುತ್ತದೆ. ದೂರದ ಮೈಕಿನ ತಂತಿಯಲ್ಲಿ ಸೇರಿಕೊಳ್ಳುವ ಗದ್ದಲ ಎರಡರಲ್ಲೂ ಒಂದೇ ಆಗಿರುವುದರಿಂದ ಕಳೆದುಹೋಗಲಿ ಎಂದು ಮಾಡಿದ ಏರ್ಪಾಡು ಅದು. ರೆಕಾರ್ಡಿಂಗಿನಲ್ಲಿ ಗಾಯಕರ ಧ್ವನಿ ಎಡ ಬಲ ಎರಡರಲ್ಲೂ ಸಮನಾಗಿರುವುದರಿಂದ ಅದೂ ಗದ್ದಲದ ಜೊತೆಗೇ ಕಳೆದುಹೋಗುತ್ತದೆ. ಖಾತ್ರಿ ಮಾಡಿಕೊಳ್ಳಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಸೆಸಿಬಿಲಿಟಿಗೆ ಹೋಗಿ ‘ಮೋನೊ ಆಡಿಯೊ’ ಆನ್ ಮಾಡಿ. ಎಡ ಬಲ ಎರಡೂ ಒಂದೇ ಆಗುತ್ತಲೇ ಇಡೀ ಹಾಡೇ ಬಹುತೇಕ ನಿಂತುಹೋದರೆ ಕೇಬಲಿನದೇ ತಪ್ಪು. ಫೋನಿನ ಕಡೆ 3.5 ಮಿ.ಮೀ. ಸ್ಟೀರಿಯೊ ಪಿನ್, ಇನ್ನೊಂದು ಕಡೆ 6.35 ಮಿ.ಮೀ.ನ ಎರಡು ಮೋನೊ ಪಿನ್ನುಗಳಿರುವ ಕೇಬಲ್ ತನ್ನಿ, ಇಲ್ಲವೇ ಸ್ಪೀಕರಿನಲ್ಲಿ ಬೇರೆ ಆಕ್ಸ್ ಸಾಕೆಟ್ ಇದ್ದರೆ ಅದಕ್ಕೆ ಹಾಕಿ. ಕೀಬೋರ್ಡಿನ ಹೆಡ್‌ಫೋನ್ ಸಾಕೆಟ್ಟಿನಿಂದ ಇಂಥದೇ ಕೇಬಲಿನಲ್ಲಿ ಸ್ಪೀಕರಿಗೆ ಜೋಡಿಸಿದ್ದರೆ ಪಿಯಾನೊ ಸ್ವರವೂ ಟೊಳ್ಳಾಗಿ ಕೇಳುತ್ತಿರುತ್ತದೆ. ಈ ದೂರನ್ನು ಪಟ್ಟಿಯಿಂದ ತೆಗೆದುಬಿಡಿ. ಕೇಬಲನ್ನು ಅಂಗಡಿಯವರೇ ಆರಿಸಿ ಕೊಟ್ಟಿದ್ದರೆ ಅದನ್ನಷ್ಟೇ ಬದಲಿಸಿ ಕೊಡಲು ಕೇಳಿ.

ಗುಂಯ್ ಶಬ್ದಕ್ಕೆ ಸ್ವಲ್ಪ ತಾಳ್ಮೆ ಬೇಕು. ಸ್ಪೀಕರಿಗೆ ಕರೆಂಟಿನ ವೈರ್ ಬಿಟ್ಟು ಬೇರೆ ಯಾವುದನ್ನೂ ಜೋಡಿಸದೆ ಆನ್ ಮಾಡಿ, ವಾಲ್ಯೂಮನ್ನು ಅರ್ಧಕ್ಕೆ ತನ್ನಿ. ಕಿವಿ ಹತ್ತಿರ ತಂದರೆ ಮಾತ್ರ ಕೇಳುವ ಸಣ್ಣ ಸುಯ್ ಶಬ್ದ ಎಲ್ಲ ಆಂಪ್ಲಿಫೈಯರಿನಲ್ಲೂ ಇರುತ್ತದೆ. ಆದರೆ ಒಂದು ಮೀಟರ್ ದೂರಕ್ಕೂ ಗುಂಯ್ ಎಂದು ಕೇಳಿಸಿದರೆ ಸ್ಪೀಕರಿನೊಳಗಿನ ಪವರ್ ಸಪ್ಲೈ ಅಥವಾ ಆಂಪ್ಲಿಫೈಯರಿನದೇ ದೋಷ, ಮುಂದಿನ ಪರೀಕ್ಷೆಯೇ ಬೇಡ. ಶಬ್ದ ಇಲ್ಲದಿದ್ದರೆ ಚಾರ್ಜರ್ ಹಾಕದ ಫೋನನ್ನು ಜೋಡಿಸಿ. ಆಗಲೂ ಸುಮ್ಮನಿದ್ದು, ಕೀಬೋರ್ಡ್ ಜೋಡಿಸಿದಾಗ ಮಾತ್ರ ಗುಂಯ್ ಎಂದರೆ ಕೀಬೋರ್ಡಿನ ಅಡಾಪ್ಟರ್ ತೆಗೆದು ಬ್ಯಾಟರಿ ಸೆಲ್ ಹಾಕಿ ನೋಡಿ. ಬ್ಯಾಟರಿಯಲ್ಲಿ ಶಬ್ದ ನಿಂತರೆ ಅಡಾಪ್ಟರಿನದು ಅಥವಾ ಅರ್ಥಿಂಗಿನದು ಸಮಸ್ಯೆ. ಎರಡನ್ನೂ ಒಂದೇ ಪ್ಲಗ್‌ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ, ಏಕೆಂದರೆ ಎರಡು ಬೇರೆ ಸಾಕೆಟ್ಟುಗಳ ಅರ್ಥ್ ವೈರುಗಳ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸವೇ ಆಡಿಯೊ ಕೇಬಲಿನ ಹೊರ ಕವಚದಲ್ಲಿ ಹರಿದು 50 ಹರ್ಟ್ಸ್‌ನ ಗುಂಯ್ ಆಗುತ್ತದೆ. ನಮ್ಮ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದು, ಮೇಲಿನ ದೊಡ್ಡ ತೂತಿಗೆ ವೈರೇ ಇಲ್ಲದಿರುವುದು ಅಪರೂಪವಲ್ಲ. ಎಲೆಕ್ಟ್ರಿಶಿಯನ್ ಕೈಯಲ್ಲಿ ಮಲ್ಟಿಮೀಟರಿನಿಂದ ಅಳೆಸಿ: ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚು ಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿನೊಳಗೆ ಬರಬೇಕು. ಕೊನೆಯದು ಹತ್ತಿಪ್ಪತ್ತು ವೋಲ್ಟ್ ತೋರಿಸಿದರೆ ಅರ್ಥಿಂಗ್ ಸರಿ ಮಾಡಿಸಬೇಕಾದ್ದು ನಿಮ್ಮ ಕೆಲಸ. ಶಬ್ದ ನಿಲ್ಲಲಿ ಎಂದು ಪ್ಲಗ್ಗಿನ ಮೂರನೇ ಪಿನ್ನನ್ನು ಮುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಎಲ್ಲಾದರೂ ಫೇಸ್ ತಗುಲಿದರೆ ಲೋಹದ ಭಾಗ ಮುಟ್ಟಿದ ಮಗುವಿಗೆ ಶಾಕ್ ಹೊಡೆಯುತ್ತದೆ.

ಪಕ್ಕದ ಮನೆಯಲ್ಲೂ ಒಮ್ಮೆ ಹಾಕಿ ನೋಡಿದರೆ ‘ನಿಮ್ಮ ಮನೆಯ ಕರೆಂಟು ಸರಿಯಿಲ್ಲ’ ಎನ್ನುವವರಿಗೆ ಉತ್ತರ ಸಿದ್ಧವಾಗುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಬೀಳುವ ಊರುಗಳಲ್ಲಿ ಈ ಮಾತು ಬಂದೇ ಬರುತ್ತದೆ. ಸ್ಪೀಕರಿನ ಹಿಂದಿನ ಲೇಬಲ್ಲಿನಲ್ಲಿ 100–240 ವೋಲ್ಟ್ ಎಂದಿದ್ದರೆ 180ಕ್ಕೆ ಇಳಿದರೂ ಅದು ಸರಿಯಾಗಿಯೇ ನಡೆಯಬೇಕು ಎಂದು ಕಂಪನಿಯೇ ಬರೆದುಕೊಟ್ಟಂತಾಯಿತು. ಆ ಲೇಬಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ.

ಜರ್ರ್ ಎನ್ನುವುದೇ ನಿಮ್ಮ ಬಲವಾದ ದೂರು. 61 ಕೀಗಳ ಕೀಬೋರ್ಡಿನ ಅತಿ ಕೆಳಗಿನ ಸ್ವರ ಸುಮಾರು 65 ಹರ್ಟ್ಸ್. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, ಸಾಧಾರಣ ವಾಲ್ಯೂಮಿನಲ್ಲಿ 60ರಿಂದ 300 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸುತ್ತಾ ಹೋಗಿ. ಇದನ್ನು ಕೋಣೆಯಲ್ಲಿ ಮಾಡಬೇಡಿ. ಕಪಾಟಿನ ಗಾಜು, ಗೋಡೆಯ ಫೋಟೊ, ಕಿಟಕಿಯ ಚಿಲಕ ಎಲ್ಲವೂ ಒಂದೊಂದು ಸ್ವರಕ್ಕೆ ಅದುರುತ್ತವೆ. ಸ್ಪೀಕರನ್ನು ಜಗಲಿಗೆ ತಂದು, ಮಡಚಿದ ಟವೆಲಿನ ಮೇಲಿಟ್ಟು ಕೇಳಿ. ಅಲ್ಲೂ ಒಂದೇ ಜಾಗದಲ್ಲಿ, ಉದಾಹರಣೆಗೆ 90ರಿಂದ 110 ಹರ್ಟ್ಸ್ ನಡುವೆ ಪ್ರತಿ ಸಲವೂ ಕೆರೆತದ ಶಬ್ದ ಬಂದು, ವಾಲ್ಯೂಮ್ ಇಳಿಸಿದರೂ ಅದು ಹೋಗದಿದ್ದರೆ ಒಳಗಿನ ತಂತಿಸುರುಳಿ (ವಾಯ್ಸ್ ಕಾಯಿಲ್) ಅಯಸ್ಕಾಂತಕ್ಕೆ ತಾಗುತ್ತಿದೆ ಅಥವಾ ಅದುರಿ ಶಬ್ದ ಹೊರಡಿಸುವ ಕೋನ್ ಅಂಟು ಬಿಟ್ಟಿದೆ ಎಂದು ತಿಳಿಯಬೇಕು. ಸಾಗಣೆಯಲ್ಲಿ ಪೆಟ್ಟಿಗೆ ಎತ್ತಿಹಾಕಿದಾಗ ಆಗುವುದು ಹೆಚ್ಚಾಗಿ ಇದೇ. ದೊಡ್ಡ ವಾಲ್ಯೂಮಿನಲ್ಲಿ ಮಾತ್ರ ಒಡೆದ ಶಬ್ದ ಬಂದರೆ ಅದು ಸ್ಪೀಕರಿನ ಶಕ್ತಿಯ ಮಿತಿ, ದೋಷವೆಂದು ಸಾಧಿಸುವುದು ಕಷ್ಟ. ಜಾಲರಿ ಬಿಚ್ಚಿ ಕೋನ್ ಒತ್ತಿ ನೋಡುವ ಆಸೆ ಬಿಡಿ. ಸ್ಕ್ರೂ ಮೇಲಿನ ಸೀಲ್ ಹರಿದರೆ ವಾರಂಟಿಯ ಜಗಳವೂ ಸೇರಿಕೊಳ್ಳುತ್ತದೆ.

ಇದನ್ನೆಲ್ಲ ವೀಡಿಯೊ ಮಾಡಿ, ನಡುವೆ ಕತ್ತರಿಸಬೇಡಿ. ಮೊದಲು ಸೀರಿಯಲ್ ನಂಬರ್, ನಂತರ ಆ್ಯಪ್‌ನಲ್ಲಿ ಕಾಣುವ ಹರ್ಟ್ಸ್, ಆಮೇಲೆ ಸ್ಪೀಕರಿನಿಂದ 30 ಸೆಂ.ಮೀ. ದೂರದಲ್ಲಿ ಶಬ್ದ. ಎರಡು ನಿಮಿಷದ ಇಂಥ ಒಂದು ವೀಡಿಯೊ ಅರ್ಧ ಗಂಟೆಯ ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಹೆಡ್‌ಫೋನಿನ ವಿಷಯ ಬೇರೆ. ಬ್ಲೂಟೂತ್ ಶಬ್ದವನ್ನು ಸಂಕೋಚಿಸಿ, ಕಳಿಸಿ, ಮತ್ತೆ ಬಿಡಿಸುವುದರಲ್ಲಿ ಎಸ್‌ಬಿಸಿ ಎಂಬ ಸಾಮಾನ್ಯ ಕೋಡೆಕ್ಕಿನಲ್ಲಿ (ಸಂಕೋಚನದ ವಿಧಾನ) 150ರಿಂದ 250 ಮಿಲಿಸೆಕೆಂಡ್ ಹೋಗುತ್ತದೆ. ಹಾಡು ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ, ನುಡಿಸುವ ಬೆರಳಿಗೆ 20 ಮಿಲಿಸೆಕೆಂಡ್ ದಾಟಿದರೆ ತಾಳ ತಪ್ಪುತ್ತದೆ. ಆ ಹೆಡ್‌ಫೋನ್ ಕೆಟ್ಟಿಲ್ಲ, ಅದರ ಜಾತಿಯೇ ಹಾಗೆ. ಸರ್ವಿಸ್ ಸೆಂಟರಿಗೆ ಒಯ್ದರೆ ‘ಸರಿಯಾಗಿದೆ’ ಎಂದೇ ಬರೆಯುತ್ತಾರೆ, ಮತ್ತು ಅದು ನಿಜವೂ ಹೌದು. ಇಲ್ಲಿ ನಿಮಗೆ ಆಸರೆಯಾಗುವುದು 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮು. ಯಾವ ಉದ್ದೇಶಕ್ಕೆ ಬೇಕೆಂದು ಕೊಳ್ಳುವವರು ತಿಳಿಸಿ, ಮಾರುವವರ ತಿಳಿವಳಿಕೆಯನ್ನು ನಂಬಿ ಕೊಂಡರೆ, ವಸ್ತು ಆ ಉದ್ದೇಶಕ್ಕೆ ತಕ್ಕಮಟ್ಟಿಗೆ ಒದಗಬೇಕು ಎಂಬುದು ಬರೆಯದೆಯೂ ಇರುವ ಷರತ್ತು. ಮಗಳ ಕೀಬೋರ್ಡ್ ಅಭ್ಯಾಸಕ್ಕೆ ಎಂದು ಹೇಳಿಯೇ ನೀವು ಕೊಂಡಿದ್ದೀರಿ, ಟ್ರಾನ್ಸ್‌ಮಿಟರನ್ನೂ ಅದಕ್ಕೆಂದೇ ಕೊಟ್ಟಿದ್ದಾರೆ. ಆ ಟ್ರಾನ್ಸ್‌ಮಿಟರಿನ ಬಿಲ್ಲೇ ನಿಮ್ಮ ಸಾಕ್ಷಿ. ಒಂದು ತೊಡಕಿದೆ: ‘ಇಂಥ ಕಂಪನಿಯ ಇಂಥದೇ ಮಾಡೆಲ್ ಕೊಡಿ’ ಎಂದು ನೀವೇ ಹೆಸರು ಹೇಳಿ ಕೇಳಿದ್ದರೆ ಈ ಷರತ್ತು ನಿಮ್ಮ ನೆರವಿಗೆ ಬರುವುದಿಲ್ಲ. ಆರಿಸಿದ್ದು ಅವರೋ ನೀವೋ ಎಂದು ನೆನಪು ಮಾಡಿಕೊಳ್ಳಿ, ವಾಟ್ಸ್ಆ್ಯಪ್‌ನಲ್ಲಿ ವಿಚಾರಿಸಿದ್ದರೆ ಆ ಮಾತುಕತೆಯನ್ನು ಉಳಿಸಿಕೊಳ್ಳಿ. ಅಭ್ಯಾಸಕ್ಕೆ ಬೇಕಾದ್ದು ವೈರಿರುವ ಹೆಡ್‌ಫೋನ್. ಅಂಗಡಿಯವರು ಅದಕ್ಕೆ ಬದಲಿಸಿ ವ್ಯತ್ಯಾಸದ ಹಣ ಕೊಡಲು ಒಪ್ಪಿದರೆ ಅಲ್ಲಿಗೇ ಮುಗಿಸಿಕೊಳ್ಳುವುದು ಒಳ್ಳೆಯದು.

ಇನ್ನು ಸರ್ವಿಸ್ ಸೆಂಟರ್. ಅಂಗಡಿಯವರು ಅಲ್ಲಿಗೆ ಕಳಿಸುವುದರ ಹಿಂದೆ ತಳ್ಳಿಹಾಕುವ ಬುದ್ಧಿಯೇ ಇರಬೇಕೆಂದಿಲ್ಲ. ತೆರೆದ ಪೆಟ್ಟಿಗೆಯನ್ನು ಡಿಸ್ಟ್ರಿಬ್ಯೂಟರ್ ಸುಮ್ಮನೆ ಹಿಂದಕ್ಕೆ ಪಡೆಯುವುದಿಲ್ಲ, ಸಣ್ಣ ಅಂಗಡಿಗೆ 14,500ರ ಒಂದು ಸ್ಪೀಕರ್ ಕೈಯಲ್ಲುಳಿದರೆ ಹಲವು ಸ್ಪೀಕರುಗಳ ಲಾಭ ಹೋಗುತ್ತದೆ. ಅವರಿಗೆ ಬೇಕಾದ್ದು ಕಂಪನಿಯ ಸರ್ವಿಸ್ ಸೆಂಟರ್ ಕೊಡುವ ‘ಡಿಒಎ’ ಪತ್ರ, ಅಂದರೆ ಬಂದಾಗಲೇ ಕೆಟ್ಟಿತ್ತು ಎಂಬ ದೃಢೀಕರಣ. ಅದು ಕೈಗೆ ಸಿಕ್ಕರೆ ಡಿಸ್ಟ್ರಿಬ್ಯೂಟರ್ ಬದಲಿ ಕೊಡುತ್ತಾರೆ, ಅಂಗಡಿಯವರು ನಿಮ್ಮ ಎದುರಾಳಿಯಾಗುವ ಬದಲು ನಿಮ್ಮ ಕಡೆಗೇ ಆಗುತ್ತಾರೆ. ಇದರ ಅವಧಿ ಕಂಪನಿಯಿಂದ ಕಂಪನಿಗೆ ಬೇರೆ, ಒಂದೆರಡು ವಾರಕ್ಕಿಂತ ಹೆಚ್ಚಿರುವುದು ಕಡಿಮೆ. ಆದ್ದರಿಂದ ನಾಳೆಯೇ ಹೊರಡಿ.

ಅಲ್ಲಿ ಜಾಬ್ ಶೀಟ್ ಪಡೆಯದೆ ಸ್ಪೀಕರನ್ನು ಕೈಬಿಡಬೇಡಿ. ‘ಸೌಂಡ್ ಪ್ರಾಬ್ಲಂ’ ಎಂದು ಎರಡೇ ಪದ ಬರೆದರೆ ಒಪ್ಪಬೇಡಿ. ‘ಸಾಧಾರಣ ವಾಲ್ಯೂಮಿನಲ್ಲಿ 90–110 ಹರ್ಟ್ಸ್‌ನಲ್ಲಿ ಕೆರೆತದ ಶಬ್ದ, ಕೊಂಡ ದಿನದಿಂದಲೇ’ ಎಂದು ನಿಮ್ಮ ಪರೀಕ್ಷೆಯಲ್ಲಿ ಕಂಡದ್ದನ್ನು ಕಂಡಂತೆಯೇ ಬರೆಸಿ. ಸೀರಿಯಲ್ ನಂಬರ್, ದಿನಾಂಕ, ‘ಬದಲಿ ಅಥವಾ ಹಣ ವಾಪಸಿನ ಹಕ್ಕು ಉಳಿಸಿಕೊಂಡು ಪರೀಕ್ಷೆಗೆ ಕೊಟ್ಟಿದೆ’ ಎಂಬ ಒಂದು ಸಾಲು, ಇಷ್ಟು ಇರಲಿ. ಈ ಸಾಲು ಇಲ್ಲದಿದ್ದರೆ ರಿಪೇರಿಗೆ ನೀವೇ ಒಪ್ಪಿದಿರಿ ಎಂಬ ವಾದ ಹುಟ್ಟುತ್ತದೆ. ಒಂದು ಸಲ ರಿಪೇರಿಯಾಗಿ ಅದೇ ದೋಷ ಮರುಕಳಿಸಿದರೆ ಪ್ರತಿ ಸಲವೂ ಹೊಸ ಜಾಬ್ ಶೀಟ್ ಕೇಳಿ. ಒಂದೇ ದೂರಿನ ಎರಡು ಮೂರು ಜಾಬ್ ಶೀಟುಗಳು ಸೇರಿದರೆ ಆಯೋಗದ ಮುಂದೆ ಬಹಳ ತೂಕದ ಸಾಕ್ಷಿ. ಕರಾವಳಿಯಲ್ಲಿ ಮತ್ತೊಂದು ಷರಾ ಸಾಮಾನ್ಯ: ‘ತೇವಾಂಶದಿಂದ ಹಾನಿ’. ಮಳೆಗಾಲವಾದರೂ ಮನೆಯೊಳಗೆ ಒಣ ಜಾಗದಲ್ಲಿದ್ದ ಹೊಸ ಬೋರ್ಡಿಗೆ ಹತ್ತು ದಿನದಲ್ಲಿ ದಪ್ಪ ಹಸಿರು ಕಿಲುಬು ಹಿಡಿಯುವುದು ಸಹಜವಲ್ಲ. ಹಾಗೆ ಬರೆದರೆ ಬೋರ್ಡಿನ ಫೋಟೊ ಕೇಳಿ ಪಡೆಯಿರಿ, ಗೋದಾಮಿನಲ್ಲೇ ಕಿಲುಬು ಹಿಡಿದಿತ್ತು ಎಂಬುದಕ್ಕೆ ಅದೇ ಆಧಾರವಾದೀತು.

ಸರ್ವಿಸ್ ಸೆಂಟರಿಗೆ ಹೋಗುವ ದಿನವೇ ಅಂಗಡಿಗೂ ಬರಹದಲ್ಲಿ ತಿಳಿಸಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ವಸ್ತುವನ್ನು ತಿರಸ್ಕರಿಸುತ್ತೇನೆ ಎಂದು ತಿಳಿಸದೆ ಬಹಳ ದಿನ ಇಟ್ಟುಕೊಂಡರೆ ಕೊಂಡವರು ಅದನ್ನು ಸ್ವೀಕರಿಸಿದಂತೆ ಎಂದು ಸರಕು ಮಾರಾಟ ಕಾಯ್ದೆಯ 42ನೇ ಕಲಮು ಹೇಳುತ್ತದೆ. ಬಾಯಿಮಾತಿನ ಜಗಳಕ್ಕೆ ದಾಖಲೆಯಿಲ್ಲ. ಪತ್ರ ಹೀಗಿದ್ದರೆ ಸಾಕು:

‘ಇಂಥ ದಿನಾಂಕದ ಇಂಥ ನಂಬರಿನ ಬಿಲ್ಲಿನಂತೆ ನಿಮ್ಮಲ್ಲಿ ಕೊಂಡ ಸ್ಪೀಕರಿನಲ್ಲಿ, ಸೀರಿಯಲ್ ನಂಬರ್ ಇಂಥದ್ದು, ಮೊದಲ ದಿನದಿಂದಲೇ ಕೆಳಗಿನ ಸ್ವರಗಳಲ್ಲಿ ಕೆರೆತದ ಶಬ್ದವಿದೆ. ವೀಡಿಯೊ ಕಳಿಸಿದ್ದೇನೆ. ಕೀಬೋರ್ಡ್ ಅಭ್ಯಾಸಕ್ಕೆಂದು ತಿಳಿಸಿ ಕೊಂಡ ಹೆಡ್‌ಫೋನ್ ಮತ್ತು ಟ್ರಾನ್ಸ್‌ಮಿಟರ್ ಆ ಉದ್ದೇಶಕ್ಕೆ ಒದಗುತ್ತಿಲ್ಲ. ಈ ಮೂರನ್ನೂ ತಿರಸ್ಕರಿಸುತ್ತಿದ್ದೇನೆ. ಹಿಂದಕ್ಕೆ ಪಡೆದು 15 ದಿನದೊಳಗೆ ಹಣ ಮರಳಿಸಬೇಕಾಗಿ ಕೋರುತ್ತೇನೆ.’

ಇದನ್ನು ವಾಟ್ಸ್ಆ್ಯಪ್‌ನಲ್ಲೂ ಇ–ಮೇಲಿನಲ್ಲೂ ಕಳಿಸಿ, ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕಿ ರಸೀದಿ ಇಟ್ಟುಕೊಳ್ಳಿ. ತಿರಸ್ಕರಿಸುವ ಹಕ್ಕಿದ್ದಾಗ ಹಾಗೆಂದು ತಿಳಿಸಿದರೆ ಸಾಕು, ಬೇರೆ ಒಪ್ಪಂದವಿಲ್ಲದಿದ್ದರೆ ಬ್ರಹ್ಮಾವರದಿಂದ ಮಂಗಳೂರಿಗೆ ಹೊತ್ತುಕೊಂಡು ಹೋಗಿ ತಲುಪಿಸುವ ಹೊಣೆ ನಿಮ್ಮದಲ್ಲ. ಆದರೂ ಹೋಗಿ ಕೊಟ್ಟರೆ ಕೆಲಸ ಬೇಗ ಆಗುತ್ತದೆ. ಬಸ್ಸಿನ ಪಾರ್ಸೆಲ್ಲಿನಲ್ಲಿ ಮಾತ್ರ ಕಳಿಸಬೇಡಿ, ದಾರಿಯಲ್ಲಿ ಪೆಟ್ಟಾದರೆ ದೋಷ ಯಾರದೆಂದು ಮತ್ತೆ ಹೇಳಲಾಗದು.

ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಬಹುದು. ಅವರು ಆದೇಶ ಮಾಡುವವರಲ್ಲ, ದೂರನ್ನು ಕಂಪನಿಗೆ ಮುಟ್ಟಿಸುವವರು. ದೊಡ್ಡ ಕಂಪನಿಗಳು ಇದಕ್ಕೆ ಸ್ಪಂದಿಸುವುದುಂಟು, ಸಣ್ಣ ಅಂಗಡಿಗಳ ಬಗ್ಗೆ ಅಷ್ಟು ಭರವಸೆ ಬೇಡ. ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಅಂಗಡಿ ಮಂಗಳೂರಿನಲ್ಲಿದ್ದರೂ ನೀವು ಉಡುಪಿ ಜಿಲ್ಲೆಯಲ್ಲಿ ವಾಸಿಸುವುದರಿಂದ ಉಡುಪಿಯ ಆಯೋಗದಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ತಂದ ಬಹಳ ಉಪಯೋಗದ ಬದಲಾವಣೆ ಇದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ–ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಬಿಲ್ಲು, ಜಾಬ್ ಶೀಟ್, ಪತ್ರ, ಪೋಸ್ಟ್ ರಸೀದಿ, ಅಫಿಡವಿಟ್ ಲಗತ್ತಿಸಿ. ಅಂಗಡಿ, ತಯಾರಕರು ಅಥವಾ ಆಮದುದಾರರು, ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿ. ಒಬ್ಬರನ್ನು ಬಿಟ್ಟರೆ ಇದ್ದವರು ಇಲ್ಲದವರ ಕಡೆಗೆ ಬೆರಳು ತೋರಿಸುತ್ತಾರೆ. ಪೆಟ್ಟಿಗೆ ಇಲ್ಲದ ನಿಮಗೆ ಆ ವಿಳಾಸ ವಾರಂಟಿ ಕಾರ್ಡಿನಲ್ಲೋ ಸ್ಪೀಕರಿನ ಹಿಂದಿನ ಲೇಬಲ್ಲಿನಲ್ಲೋ ಸಿಗುತ್ತದೆ. ಕೊಟ್ಟ ಬೆಲೆ, ಅದರ ಬಡ್ಡಿ, ಓಡಾಟದ ಖರ್ಚು, ಒಂದು ಮಿತವಾದ ಪರಿಹಾರ ಕೇಳಿ. 18,700 ರೂಪಾಯಿಯ ಸ್ಪೀಕರ್, ಹೆಡ್‌ಫೋನಿಗೆ ಐದು ಲಕ್ಷ ಪರಿಹಾರ ಕೇಳಿದ ದೂರು ಗಂಭೀರವಾಗಿ ಕಾಣುವುದಿಲ್ಲ. ಎದುರಿನವರು ನೋಟಿಸು ಪಡೆದ ದಿನದಿಂದ 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ವಾಸ್ತವದಲ್ಲಿ ಹೆಚ್ಚು ಹಿಡಿಯುತ್ತದೆ ಎಂದೇ ತಿಳಿದು ಹೊರಡಿ.

ಆನ್‌ಲೈನಿನಲ್ಲಿ ಕೊಂಡವರಿಗೂ ಒಂದು ಮಾತು. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ದೋಷವಿದ್ದರೆ ಮಾತ್ರವಲ್ಲ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದಿದ್ದರೂ ಮಾರಾಟಗಾರರು ವಾಪಸು ನಿರಾಕರಿಸುವಂತಿಲ್ಲ. ದೂರನ್ನು 48 ಗಂಟೆಯಲ್ಲಿ ಸ್ವೀಕರಿಸಿ ಒಂದು ತಿಂಗಳಲ್ಲಿ ಪರಿಹರಿಸಬೇಕು. ಗಲ್ಫಿನಿಂದ ಬಂಧುಗಳು ತಂದ ಸಾಮಾನಿನ ಕತೆ ಬೇರೆ. ವಾರಂಟಿ ಅನೇಕ ಸಲ ಆ ದೇಶಕ್ಕಷ್ಟೇ ಇರುತ್ತದೆ, ಇಲ್ಲಿನ ಅಂಗಡಿಯನ್ನಾಗಲಿ ಸರ್ವಿಸ್ ಸೆಂಟರನ್ನಾಗಲಿ ಕೇಳಿ ಪ್ರಯೋಜನವಿಲ್ಲ.

ಅಂಗಡಿಯವರು ಹಣ ಕೊಡಲು ಒಪ್ಪಿದ ದಿನ ನಗದು ತೆಗೆದುಕೊಳ್ಳುವ ಬದಲು ಖಾತೆಗೇ ಹಾಕಿಸಿಕೊಳ್ಳಿ. ಸ್ಪೀಕರನ್ನು ಹಿಂದಕ್ಕೆ ಕೊಟ್ಟದ್ದಕ್ಕೆ ಸೀರಿಯಲ್ ನಂಬರ್ ಸಹಿತ ಸ್ವೀಕೃತಿ ಪಡೆಯಿರಿ. ಮೂಲ ಬಿಲ್ಲನ್ನು ಅವರು ಕೇಳುತ್ತಾರೆ, ಕೊಡುವ ಮೊದಲು ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಬದಲಿ ಸ್ಪೀಕರನ್ನೇ ಆರಿಸಿದರೆ ಹೊಸ ಸೀರಿಯಲ್ ನಂಬರಿಗೆ ಹೊಸ ಬಿಲ್ಲು ಮಾಡಿಸಿ, ಅಂಗಡಿಯಲ್ಲೇ ಏನನ್ನೂ ಜೋಡಿಸದೆ ಒಮ್ಮೆ, 65 ಹರ್ಟ್ಸ್‌ನಿಂದ ಮೇಲೆ ಟೋನ್ ಹಾಕಿ ಒಮ್ಮೆ ಕೇಳಿ. ರಸ್ತೆಯ ಗದ್ದಲದಲ್ಲಿ ಸಣ್ಣ ಕೆರೆತ ಕೇಳಿಸದು, ಒಳಗಿನ ಕೋಣೆಯಲ್ಲಿಟ್ಟು ಫ್ಯಾನ್ ಆರಿಸಿ ಕೇಳಲು ಐದು ನಿಮಿಷ ಕೊಡಿ ಎಂದು ಕೇಳಿಕೊಳ್ಳಿ.